ಹೊಸೂರಿನಲ್ಲಿ ಬಾಡಿಗೆ ಮನೆ ಹಿಡಿಯುವ ಮುನ್ನ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಸಿಪ್‌ಕಾಟ್ ಎಂಬ ಸರ್ಕಾರಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಆಸುಪಾಸಿನಲ್ಲಿ ಬಡಾವಣೆಗಳು ಏಳುತ್ತಲೇ ಇವೆ. ಮನೆ ನೋಡಲು ಹೋದಾಗ ಮೊದಲು ನಲ್ಲಿ ತಿರುಗಿಸಿ; ಗೋಡೆಯ ಬಣ್ಣ ಆಮೇಲೆ ನೋಡಿದರಾಯಿತು.

ನೀರು ಹೊಗೇನಕಲ್ ಕುಡಿಯುವ ನೀರಿನ ಯೋಜನೆಯದೋ, ಕೊಳವೆಬಾವಿಯದೋ, ಟ್ಯಾಂಕರಿನದೋ ಕೇಳಿ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದಲೇ ಆ ಯೋಜನೆ ಬಂದದ್ದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕೊಳವೆಬಾವಿಯಾದರೆ ನೀರಿನ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆರ್‌ಒ ಫಿಲ್ಟರ್ ಇಲ್ಲದೆ ಮಕ್ಕಳಿಗೆ ಕುಡಿಸಲೇಬೇಡಿ, ಹಲ್ಲು ಮೂಳೆ ಎರಡೂ ಕೆಡುತ್ತವೆ. ಅಡುಗೆಗೂ ಅದೇ ಶುದ್ಧ ನೀರು ಬಳಸಿ.

ಆಮೇಲೆ ಮೀಟರ್. ಇಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ. ಪ್ರತಿ ಗೃಹ ಸಂಪರ್ಕಕ್ಕೆ ಮೊದಲ 100 ಯೂನಿಟ್ ಉಚಿತ. ನಾಲ್ಕು ಮನೆಗೆ ಒಂದೇ ಸಂಪರ್ಕ ಕೊಟ್ಟು ಒಳಗೆ ಸಬ್‌ಮೀಟರ್ ಹಾಕಿದ್ದರೆ ಆ 100 ಯೂನಿಟ್ ನಾಲ್ಕು ಪಾಲಾಗುತ್ತದೆ, ಒಟ್ಟು ಬಳಕೆ ಮೇಲಿನ ದರಕ್ಕೆ ಏರುತ್ತದೆ. ಹಳೆಯ ಬಿಲ್ ಕೇಳಿ, ಆ ಮನೆಗೇ ಪ್ರತ್ಯೇಕ ಸಂಪರ್ಕ ಸಂಖ್ಯೆ ಇದೆಯೇ ನೋಡಿ.

ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಆ 'ಬೇರೆ ಮಾತು' ಸೇರಿದೆಯೇ ಎಂಬುದನ್ನೇ ಹುಡುಕಿ. ತಮಿಳು ಓದಲು ಬಾರದಿದ್ದರೆ ಬಲ್ಲವರಿಂದ ಓದಿಸದೆ ಸಹಿ ಹಾಕಬೇಡಿ.

ಕೆಎ ನಂಬರಿನ ಬೈಕು 12 ತಿಂಗಳು ದಾಟಿ ಇಲ್ಲೇ ಉಳಿಯುವುದಾದರೆ ತಮಿಳುನಾಡಿನ ನೋಂದಣಿ ಬೇಕು. ಹಳೆಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮೊದಲೇ ತನ್ನಿ.