ಅಪಾಯವನ್ನು ದೂರದಲ್ಲೇ ಗುರುತಿಸುವುದು ಹೇಗೆ?

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೊಸದಾಗಿ ಕಾರು ಓಡಿಸಿಕೊಂಡು ಹೋಗುವವರ ನೋಟ ಹೆಚ್ಚಾಗಿ ಮುಂದಿನ ವಾಹನದ ಹಿಂಬದಿಗೇ ಅಂಟಿಕೊಂಡಿರುತ್ತದೆ. ಅದು ಬ್ರೇಕ್ ಹಾಕಿದ ಮೇಲೆ ಇವರು ಹಾಕುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕ್ ತುಳಿಯುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ವೇಗ ತಗ್ಗುವ ಮೊದಲೇ 17ರಿಂದ 25 ಮೀಟರ್ ದಾಟಿರುತ್ತೀರಿ. ಎಷ್ಟೇ ಚುರುಕಾದ ಕಾಲಿದ್ದರೂ ಈ ನಷ್ಟ ತಪ್ಪದು. ಅಪಾಯ ತಪ್ಪಿಸಬೇಕಾದರೆ ಅದನ್ನು ಮೊದಲೇ ನೋಡಬೇಕು.

ಮೊದಲು ನೋಟವನ್ನು ದೂರಕ್ಕೆ ಹಾಯಿಸಿ. ಹನ್ನೆರಡು ಸೆಕೆಂಡಿನ ನಂತರ ನೀವು ತಲುಪುವ ಜಾಗ, ಅಂದರೆ 60ರ ವೇಗದಲ್ಲಿ ಸುಮಾರು 200 ಮೀಟರ್ ಆಚೆ, ನಿಮ್ಮ ಕಣ್ಣಿನಲ್ಲಿರಲಿ. ಮುಂದಿನ ಒಂದು ಹುಣಸೆಮರವನ್ನು ಗುರುತಿಟ್ಟುಕೊಂಡು ಅದನ್ನು ತಲುಪುವವರೆಗೆ ಎಣಿಸಿದರೆ ಅಂದಾಜು ಸಿಗುತ್ತದೆ. ಅಲ್ಲಿಂದ ನೋಟ ಹತ್ತಿರಕ್ಕೆ, ಎರಡು ಬದಿಗೆ, ಕನ್ನಡಿಗೆ ಬಂದು ಮತ್ತೆ ದೂರಕ್ಕೆ ಹೋಗಬೇಕು. ಎಲ್ಲಿಯೂ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಮುಂದಿನ ವಾಹನಕ್ಕೂ ನಿಮಗೂ ಮೂರು ಸೆಕೆಂಡಿನ ಅಂತರವಿಲ್ಲದಿದ್ದರೆ ದೂರ ಕಾಣುವುದೇ ಇಲ್ಲ.

ನಂತರ, ಕಂಡದ್ದರಿಂದ ಕಾಣದ್ದನ್ನು ಊಹಿಸಿ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಕ್ಯಾನ್ ಕಟ್ಟಿಕೊಂಡ ಬೈಕ್ ಕಂಡರೆ ಅದು ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಬಹುದು. ಸವಾರ ಹೆಗಲ ಮೇಲಿಂದ ಒಮ್ಮೆ ಹಿಂದಿರುಗಿ ನೋಡುವುದೇ ಆತನ ಇಂಡಿಕೇಟರ್. ನಿಂತ ಬಸ್ಸಿನ ಚಕ್ರಗಳ ನಡುವಿನ ಸಂದಿಯಲ್ಲಿ ಕಾಲುಗಳು ಕಾಣುತ್ತವೆಯೇ ನೋಡಿ. ಒಂದು ಮೇಕೆ ದಾಟಿತೆಂದರೆ ಮಂದೆ ಇನ್ನೂ ಹಿಂದಿದೆ. ನೀಲಗಿರಿ ತೋಪಿನ ಬದಿಯಿಂದ ದೂಳು ಏಳುತ್ತಿದ್ದರೆ ಟ್ರ್ಯಾಕ್ಟರ್ ರಸ್ತೆಗೆ ಬರುತ್ತಿದೆ.

ಸುಗ್ಗಿಯ ಕಾಲದಲ್ಲಿ, ಮುಖ್ಯವಾಗಿ ಡಿಸೆಂಬರ್, ಜನವರಿಯಲ್ಲಿ, ಇನ್ನೊಂದು ಎಚ್ಚರ ಬೇಕು. ಒಳದಾರಿಗಳಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿರುತ್ತಾರೆ. ದೂರದಿಂದ ಕಪ್ಪು ರಸ್ತೆ ಇದ್ದಕ್ಕಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅಂಚಿನಲ್ಲಿ ಮೊರ ಹಿಡಿದ ಹೆಂಗಸರು ಕಾಣುತ್ತಾರೆ. ಅಷ್ಟು ಕಂಡ ಕೂಡಲೇ ವೇಗ ಇಳಿಸಿ. ಹುಲ್ಲಿನ ಮೇಲೆ ಹತ್ತಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಹ್ಯಾಂಡಲ್ ತಿರುಗಿಸಿದರೆ ಬೈಕ್ ಜಾರುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್ ತಾಗಿದರೆ ಬೆಂಕಿಯೂ ಹೊತ್ತಿಕೊಳ್ಳಬಹುದು. ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿ. ಎದುರಿನಿಂದ ಬರುವವನು ರಾಶಿ ತಪ್ಪಿಸಲು ನಿಮ್ಮ ಬದಿಗೇ ನುಗ್ಗುತ್ತಾನೆಂಬುದು ನೆನಪಿರಲಿ. ಸಂಜೆ ಪೈರು ಎತ್ತಿಕೊಂಡು ಹೋದರೂ ಅಂಚಿಗಿಟ್ಟ ಕಲ್ಲುಗಳು ಅಲ್ಲೇ ಉಳಿದಿರುತ್ತವೆ. ಕಣವಿಲ್ಲದ ರೈತನನ್ನು ಬೈದು ಪ್ರಯೋಜನವಿಲ್ಲ. ಊರೂರಿಗೆ ಸಾಮೂಹಿಕ ಕಣ ಆಗಲೇಬೇಕು.

ರಾತ್ರಿ ಲೆಕ್ಕ ಬೇರೆ. ಡಿಮ್ ದೀಪದ ಬೆಳಕು ಅಂದಾಜು 40–50 ಮೀಟರ್ ಮಾತ್ರ. 60ರ ವೇಗದಲ್ಲಿ ಒಣ ರಸ್ತೆಯಲ್ಲೂ ನಿಲ್ಲಲು ಸುಮಾರು 45 ಮೀಟರ್ ಬೇಕು, 80ರಲ್ಲಿ ಸುಮಾರು 70. ಟೊಮೆಟೊ ಕ್ರೇಟ್ ತುಂಬಿಕೊಂಡು ಹಿಂದೀಪವಿಲ್ಲದೆ ಕೋಲಾರದ ಮಂಡಿಗೆ ಹೊರಟ ಟ್ರ್ಯಾಕ್ಟರ್ ಆ ಬೆಳಕಿನ ಅಂಚಿನಲ್ಲಿ ಮೊದಲ ಸಲ ಕಾಣುತ್ತದೆ. ಎದುರು ದೀಪ ಕಣ್ಣಿಗೆ ಹೊಡೆದಾಗ ಅದನ್ನೇ ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿದು ವೇಗ ತಗ್ಗಿಸಿ. ಚಳಿಗಾಲದ ಮುಂಜಾನೆ ನಂದಿಬೆಟ್ಟದ ಸುತ್ತ ಮಂಜು ಕವಿದಾಗಲೂ ಡಿಮ್ ದೀಪವೇ ಸರಿ. ಹೈಬೀಮ್ ಮಂಜಿಗೆ ಬಡಿದು ಕಣ್ಣಿಗೇ ಮರಳುತ್ತದೆ.

ಅಭ್ಯಾಸಕ್ಕೆ ಸ್ಟಿಯರಿಂಗ್ ಬೇಕಾಗಿಲ್ಲ. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕುಳಿತು ಮುಂದೆ ಕಂಡದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ: ಎಡಕ್ಕೆ ಶಾಲೆ, ಬಣ್ಣ ಅಳಿಸಿದ ಹಂಪ್, ಬಾಗಿಲು ತೆರೆಯಬಹುದಾದ ಕಾರು. ಚಾಲಕ ಬ್ರೇಕ್ ಹಾಕುವ ಮೊದಲೇ ಕಾರಣ ನಿಮಗೆ ಹೊಳೆಯತೊಡಗಿದಾಗ, ನೀವು ಓಡಿಸುವಾಗಲೂ ಅದೇ ಅಭ್ಯಾಸ ಮುಂದುವರಿಸಿ.