ಅಣ್ಣನೂ ಅಲ್ಲ, ಅಕ್ಕನೂ ಅಲ್ಲ: ಮನೆಯಲ್ಲಿ ನಾನ್‌ಬೈನರಿ ಜನರನ್ನು ಏನೆಂದು ಕರೆಯಬೇಕು?

ತಮ್ಮನ್ನು ಬರೀ ಗಂಡು ಅಥವಾ ಬರೀ ಹೆಣ್ಣು ಎಂದು ಗುರುತಿಸಿಕೊಳ್ಳದವರು ನಾನ್‌ಬೈನರಿ. ಮೊದಲು ಅವರನ್ನೇ ಕೇಳಿ. ಏನೆಂದು ಕರೆಯಲಿ, ಯಾರೆದುರು ಹಾಗೆ ಕರೆಯಬಹುದು? ಎರಡನೆಯ ಪ್ರಶ್ನೆ ಮರೆಯಬೇಡಿ. ಮುಂಬಯಿ ಬಳಿಯ ಡೊಂಬಿವಿಲಿಯ ಮನೆಯೊಳಗಿನ ಮಾತು ಸೊಸೈಟಿಯ ನೆರೆಯವರಿಗೋ ಊರಿನ ಅಜ್ಜಿಗೋ ತಲುಪುವುದು ಅವರಿಗೆ ಬೇಡವಾಗಿರಬಹುದು. ಕೆಲವರಿಗೆ ‘ಅಕ್ಕ’ ಎನಿಸಿಕೊಳ್ಳುವುದೇ ಹಿತ, ಅದನ್ನು ಬದಲಿಸಲು ಹೋಗಬೇಡಿ. ನೆಂಟರು ವಾದಕ್ಕೆ ಇಳಿದರೆ, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲೇ ಹೇಳಿದೆ ಅನ್ನಿ.

ಕೆಲವು ಪದಗಳು ಸಿದ್ಧವಾಗಿಯೇ ಇವೆ: ಮಗು, ಮೊಮ್ಮಗು, ಒಡಹುಟ್ಟಿದವರು, ಸಂಗಾತಿ. ‘ನಮ್ಮ ಮನೆಯವರು’ ಎಂದು ಗಂಡನಿಗೂ ಹೆಂಡತಿಗೂ ಹೇಳುತ್ತೇವೆ, ಅದೂ ಆಗುತ್ತದೆ. ಮುಂಬಯಿಯ ತುಳು ಮನೆಗಳಲ್ಲಿ ‘ಬಾಲೆ’ ಇದ್ದೇ ಇದೆ, ತುಳುವಿನಲ್ಲಿ ಅದು ಹುಡುಗಿಯಲ್ಲ, ಮಗು. ಅಳಿಯ–ಸೊಸೆಗೆ ಅಂಥ ಪದವಿಲ್ಲ. ‘ಮಗಳ ಸಂಗಾತಿ’ ಅಂದರೆ ಸಾಕು.

ತೊಡಕಿರುವುದು ಚಿಕ್ಕಪ್ಪ–ಚಿಕ್ಕಮ್ಮ, ಅತ್ತೆ–ಮಾವ, ಅಣ್ಣ–ಅಕ್ಕಂದಿರ ಜಾಗದಲ್ಲಿ. ಇಲ್ಲಿ ಹೊಸ ಕರೆ ಕಟ್ಟಬೇಕು. ಎರಡೇ ಅಕ್ಷರವಿರಲಿ, ಮೂರು ವರ್ಷದ ಮಗು ಕೂಗುವಂತಿರಲಿ. ‘ಪುಟ್ಟ’ ಗಂಡು, ‘ಪುಟ್ಟಿ’ ಹೆಣ್ಣು ಎಂದು ಕೇಳಿಸುತ್ತದೆ; ಚಿನ್ನು, ಮುದ್ದು ಥರ ಉಕಾರದಲ್ಲಿ ಮುಗಿದರೆ ಎರಡೂ ಅಲ್ಲ. ಆದರೆ ‘ಕಾಕು’ ಬೇಡ, ಪುಣೆಯಲ್ಲಿ ಅದು ಚಿಕ್ಕಮ್ಮನೇ.

ಕರೆ ಸರಿಹೋದರೂ ಕ್ರಿಯಾಪದ ಕೈಕೊಡುತ್ತದೆ. ‘ಚಿನ್ನು ಬಂದಳು’ ಅಂದರೆ ಪಟ್ಟ ಶ್ರಮವೆಲ್ಲ ನೀರುಪಾಲು. ‘ಬಂದರು’ ಅನ್ನಿ. ಚಿಕ್ಕವರಿಗೆ ಬಹುವಚನವೇ ಎಂದು ಹಿರಿಯರು ಮುಜುಗರಪಟ್ಟರೆ ಮಾತಿನ ದಾರಿಯನ್ನೇ ಬದಲಿಸಿ: ‘ಈ ಸಾರು ಕಿರಣ್ ಮಾಡಿದ್ದು’, ‘ಕಿರಣ್‌ಗೆ ಗೊತ್ತು’, ‘ಕಿರಣ್‌ದು ಊಟ ಆಯ್ತು’. ಇಂಥ ವಾಕ್ಯಗಳಲ್ಲಿ ಲಿಂಗ ಸುಳಿಯುವುದೇ ಇಲ್ಲ, ಸಲಿಗೆಯೂ ಉಳಿಯುತ್ತದೆ. ‘ಅದು ಬಂತು’ ಎಂಬುದು ಕೂಸಿಗೆ ಮುದ್ದು. ಬೆಳೆದವರಿಗೆ ಅವಮಾನ, ಖಂಡಿತ ಬೇಡ.

‘ನೀನು ಬಂದೆ’ ಎಂಬುದರಲ್ಲಿ ಗಂಡು–ಹೆಣ್ಣಿಲ್ಲ, ಆದರೆ ‘ಬಾರೋ’, ‘ಬಾರೇ’, ‘ಅಲ್ವೇನೇ’ಗಳ ಬಾಲದಲ್ಲಿ ಇದೆ. ‘ಬಾ ಮರಿ’, ‘ಬಾ ಚಿನ್ನು’ ಅನ್ನಿ. ಈ ಒಂದಕ್ಷರದ ಬಾಲವೇ ಎಲ್ಲಕ್ಕಿಂತ ಹೆಚ್ಚು ಬಾರಿ ತಪ್ಪಿಸುವುದು, ಯಾಕೆಂದರೆ ಅದು ಪ್ರೀತಿಯ ಭರದಲ್ಲಿ ತಾನಾಗಿ ಬಂದುಬಿಡುತ್ತದೆ. ಬಾಯಿ ತಪ್ಪಿದರೆ ಸರಿಯಾದದ್ದನ್ನು ಒಮ್ಮೆ ಹೇಳಿ ಮಾತು ಮುಂದುವರಿಸಿ. ಉದ್ದುದ್ದ ಕ್ಷಮೆ ಕೇಳಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಮನೆಯ ಮಕ್ಕಳು ಮರಾಠಿಯಲ್ಲೂ ಮಾತಾಡುತ್ತಾರಲ್ಲ, ಅಲ್ಲಿ ‘ನಾನು ಬಂದೆ’ ಎಂಬುದಕ್ಕೂ ಲಿಂಗವಿದೆ: ಗಂಡಿಗೆ ‘ಮೀ ಆಲೋ’, ಹೆಣ್ಣಿಗೆ ‘ಮೀ ಆಲೇ’. ನಾನ್‌ಬೈನರಿ ವ್ಯಕ್ತಿ ತಮ್ಮ ಬಗ್ಗೆ ಯಾವುದನ್ನು ಬಳಸುತ್ತಾರೆಂದು ಅವರಿಂದಲೇ ಕೇಳಿ ತಿಳಿಯಿರಿ. ಎದುರಿಗಿದ್ದವರಿಗೆ ‘ತುಮ್ಹೀ ಆಲಾತ್’ ಅಂದರೆ ಯಾರಿಗಾದರೂ ಒಂದೇ.

ಸಂಕ್ರಾಂತಿಯ ಹಳದಿ–ಕುಂಕು (ಅರಿಸಿನ–ಕುಂಕುಮ), ಸೋದರಮಾವನ ಶಾಸ್ತ್ರ, ಬಾಗಿನ ಇವು ಬೇಕೇ ಎಂದು ಹಿಂದಿನ ದಿನವೇ ಏಕಾಂತದಲ್ಲಿ ಕೇಳಿ. ತಟ್ಟೆ ಹಿಡಿದು ಎದುರು ನಿಂತಾಗಲ್ಲ. ಬೇಡವೆಂದರೆ ಎಲೆ–ಅಡಿಕೆ, ಹಣ್ಣು ಕೊಡಿ, ಅದು ಎಲ್ಲರಿಗೂ ಸಲ್ಲುತ್ತದೆ. ಮದುವೆ ಕಾಗದದಲ್ಲಿ ಬರೀ ಹೆಸರಿರಲಿ. ಅಚ್ಚಿಗೆ ಮೊದಲು ಕರಡನ್ನು ಅವರ ಕೈಗೇ ಕೊಡಿ. ಪ್ರೆಸ್ಸಿನವರು ರೂಢಿಯಂತೆ ‘ಚಿ. ಸೌ.’ ಸೇರಿಸಿರುವುದುಂಟು.