ಮೋರಿ ದಾಟಿ ಮೀನು ಹತ್ತಬೇಕಾದರೆ

ಮುಂಗಾರಿನ ಹೊಸ ನೀರು ಬಂತೆಂದರೆ ವರದಾ, ಧರ್ಮಾ ನದಿಗಳ ಮೀನುಗಳು ಮೊಟ್ಟೆಯಿಡಲು ಹಳ್ಳ ಹಿಡಿದು ಕೆರೆ, ಗದ್ದೆಗಳತ್ತ ಹತ್ತುತ್ತವೆ. ಹಾವೇರಿ, ಹಾನಗಲ್ಲ ಕಡೆ ರಸ್ತೆ ಮೋರಿ ಕಟ್ಟಿಸುವವರು, ರಿಪೇರಿ ಮಾಡಿಸುವವರು ಮೊದಲು ನೋಡಬೇಕಾದ್ದು ನೀರು ಹೊರಬೀಳುವ ಬಾಯಿ. ಅಗಲದ ಹಳ್ಳವನ್ನು ಪೈಪಿನೊಳಗೆ ತುರುಕಿದರೆ ನೀರು ರಭಸದಿಂದ ಹಾರಿ ಎದುರಿನ ಮಣ್ಣು ಕೊರೆಯುತ್ತದೆ. ವರ್ಷಗಳುರುಳಿದಂತೆ ತಳ ಇಳಿದು ಪೈಪು ಮೇಲೆ ತೂಗುತ್ತದೆ. ಬೆರಳುದ್ದದ ಮೀನುಗಳಲ್ಲಿ ಹೆಚ್ಚಿನವು ಒಂದು ಗೇಣು ಎತ್ತರವನ್ನೂ ನೆಗೆಯಲಾರವು.

ಮಳೆ ನಿಂತ ಒಂದೆರಡು ದಿನಕ್ಕೆ ಅಳೆಯಿರಿ. ಒಣ ಕಡ್ಡಿಯನ್ನು ಮೇಲಿನ ಬಾಯಿಗೆ ಬಿಟ್ಟು ಸೆಕೆಂಡು ಎಣಿಸಿ. 7.5 ಮೀ. ಪೈಪನ್ನು 5 ಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 1.5 ಮೀ. ಸಣ್ಣ ಮೀನಿಗೆ 0.3 ಮೀ. ಆಸುಪಾಸು ಇದ್ದರೆ ಚೆಂದ. ನುಣುಪು ಕಾಂಕ್ರೀಟಿನಲ್ಲಿ ನಿಂತು ಸುಧಾರಿಸಿಕೊಳ್ಳಲು ಎಡೆಯೇ ಇಲ್ಲ. ನೀರಿನ ಆಳ 10 ಸೆಂ.ಮೀ.ಗಿಂತ ಕಡಿಮೆಯಾದರೆ ದೊಡ್ಡ ಮೀನಿಗೂ ಕಷ್ಟ.

ಹೊಸ ಮೋರಿಯಾದರೆ ಪೈಪಿನ ವ್ಯಾಸದ ಶೇ. 30ರಷ್ಟನ್ನು ಹಳ್ಳದ ತಳಕ್ಕಿಂತ ಕೆಳಗೆ ಹೂಳಿ, ಅಲ್ಲಿಯದೇ ಕಲ್ಲು, ಉಸುಕು ತುಂಬಿ. ಇದರಿಂದ ನೀರು ಹೋಗುವ ಜಾಗ ಕಾಲುಭಾಗ ಕಡಿಮೆಯಾಗುತ್ತದೆ. ಹಾಗಾಗಿ 1000 ಮಿ.ಮೀ. ಸಾಕೆನ್ನುವಲ್ಲಿ 1200 ಮಿ.ಮೀ. ಹಾಕಿ. ಮೂರು ಸಣ್ಣ ಪೈಪಿಗಿಂತ ಒಂದು ದೊಡ್ಡದೇ ಮೇಲು: ಗೋವಿನಜೋಳದ ದಂಟು, ಮುಳ್ಳುಕಂಟಿ ಮೊದಲು ಕಟ್ಟುವುದು ಸಣ್ಣ ಬಾಯನ್ನೇ. ಹಳ್ಳದಗಲದ ಬಾಕ್ಸ್ ಮೋರಿಗೆ ದುಡ್ಡಿದ್ದರೆ ಪೈಪಿನ ಯೋಚನೆಯೇ ಬೇಡ.

ತೂಗುವ ಹಳೆ ಪೈಪಿಗೆ ಕಾಂಕ್ರೀಟ್ ಏಪ್ರನ್ (ಬಾಯಿಯ ಮುಂದಿನ ಹಾಸು) ಬಳಿಯುವುದು ನಮ್ಮಲ್ಲಿ ರೂಢಿ. ಅದರ ಮೇಲೆ ನೀರು ತೆಳ್ಳಗೆ ಹರಡಿ ಮೀನಿಗೆ ಇನ್ನೂ ಕೆಡುಕು. ಬದಲಿಗೆ ಕಲ್ಲಿನ ಇಳಿಜಾರು ಕಟ್ಟಿ. ಬಾಯಿಯ ಮುಂದೆ ಕೊರೆದ ಮಡು ಹಾಗೇ ಇರಲಿ, ಅದು ಮೀನಿನ ತಂಗುದಾಣ. ಮಡುವಿನ ಆಚೆಯಿಂದ ಕಲ್ಲು ಶುರುವಾಗಲಿ. ಅದರ ತಲೆ ಪೈಪಿನ ತಳಕ್ಕಿಂತ 15 ಸೆಂ.ಮೀ. ಎತ್ತರವಿದ್ದರೆ ನೀರು ಪೈಪಿನೊಳಕ್ಕೆ ಹಿಮ್ಮೆಟ್ಟಿ ನಿಲ್ಲುತ್ತದೆ. ಆಚೆಯ ಹಳ್ಳದ ತಳ ಪೈಪಿಗಿಂತ 30 ಸೆಂ.ಮೀ. ಕೆಳಗಿದ್ದರೆ ಒಟ್ಟು ಏರು 45 ಸೆಂ.ಮೀ.; 20ಕ್ಕೆ 1ರ ಇಳಿಜಾರಿಗೆ 9 ಮೀ. ಉದ್ದ ಬೇಕು. 30–40 ಸೆಂ.ಮೀ. ಗುಂಡುಕಲ್ಲುಗಳನ್ನು ಅರ್ಧ ಹೂತು, ಸಂದಿಗೆ ಜಲ್ಲಿ, ಉಸುಕು ಬಡಿಯಿರಿ. ಇಲ್ಲದಿದ್ದರೆ ನೀರೆಲ್ಲ ಕಲ್ಲಿನಡಿ ಇಂಗಿಹೋಗುತ್ತದೆ. ಎರೆಮಣ್ಣಿನಲ್ಲಿ ಕೆಳಗೆ ಗರಸು ಹಾಸದಿದ್ದರೆ ಕಲ್ಲು ಹುದುಗುತ್ತದೆ. ನಡು ತಗ್ಗು, ಅಂಚು ಎತ್ತರ. ನೆರೆನೀರು ರಸ್ತೆ ಹತ್ತದಂತೆ ಇಂಜಿನಿಯರ್ ಒಮ್ಮೆ ಲೆಕ್ಕ ಹಾಕಲೇಬೇಕು.

ಕೆಲಸ ಏಪ್ರಿಲ್–ಮೇನಲ್ಲಿ ಮುಗಿಯಲಿ. ಮೊದಲ ಪ್ರವಾಹಗಳಲ್ಲಿ ಮೋರಿ ಬಾಯಿಗೆ ಬಲೆ, ಕೂಳಿ (ಮೀನು ಹಿಡಿಯುವ ಬುಟ್ಟಿ) ಒಡ್ಡದಂತೆ ಊರವರು ಮಾತಾಡಿಕೊಳ್ಳಿ: ಆಗ ಸಿಗುವ ಮೀನಿನ ಹೊಟ್ಟೆ ತುಂಬ ತತ್ತಿಯಿರುತ್ತದೆ.